ಟೆಲಿಚಿತ್ರದಲ್ಲಿ ಪ್ರಾತಿನಿಧ್ಯವನ್ನು ಅಳೆಯುವುದು ಹೇಗೆ? ‘ಸದ್ಗತಿ’ಯನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ

ಡೊಂಬಿವಲಿ ಓದುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ ತಿಂಗಳಿಗೊಮ್ಮೆ ಕಿರುತೆರೆಗೆಂದೇ ತಯಾರಾದ ಒಂದು ಚಿತ್ರವನ್ನು ನೋಡಿ ಚರ್ಚಿಸುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದವರು, ಹೋಟೆಲ್ ನಡೆಸುವವರು, ಕಾಲೇಜಿಗೆ ಹೋಗುವ ಮಕ್ಕಳು, ಹೀಗೆ ಎಲ್ಲ ಬಗೆಯವರೂ ಇದ್ದೇವೆ. ಪ್ರತಿ ಸಲವೂ ಮಾತು “ನಟನೆ ಚೆನ್ನಾಗಿತ್ತು, ಕೊನೆಯಲ್ಲಿ ಸ್ವಲ್ಪ ಎಳೆದರು” ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದುದರಿಂದ, ಈ ವರ್ಷ ವೈವಿಧ್ಯ ಮತ್ತು ಪ್ರಾತಿನಿಧ್ಯ ಎಂಬ ಒಂದೇ ಕೋನದಿಂದ ಚಿತ್ರಗಳನ್ನು ನೋಡೋಣವೆಂದು ನಿಶ್ಚಯಿಸಿದೆವು. ಅದಕ್ಕಾಗಿ ಬಳಗದ ವಿದ್ಯಾರ್ಥಿನಿಯೊಬ್ಬಳು ಒಂದು ನಮೂನೆಯನ್ನು ಸಿದ್ಧಪಡಿಸಿದಳು. ಹೆಸರುಳ್ಳ ಸ್ತ್ರೀ ಪಾತ್ರಗಳೆಷ್ಟು, ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತಾರೆಯೇ, ಎಷ್ಟು ಜಾತಿ-ಧರ್ಮಗಳವರು ಕಾಣಿಸುತ್ತಾರೆ, ಎಷ್ಟು ಭಾಷೆಗಳು ಕೇಳಿಸುತ್ತವೆ, ವೃದ್ಧರು ಮತ್ತು ಅಂಗವಿಕಲರು ಇದ್ದಾರೆಯೇ, ನಿರ್ದೇಶಕ, ಲೇಖಕ, ಛಾಯಾಗ್ರಾಹಕರ ಸಾಲಿನಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗಳು ಅದರಲ್ಲಿದ್ದವು. ಪ್ರತಿಯೊಂದಕ್ಕೂ ಅಂಕಗಳು.

ತೊಡಕು ಆರಂಭವಾದದ್ದು ಇಲ್ಲಿಂದ. ಸತ್ಯಜಿತ್ ರಾಯ್ ಅವರು ಪ್ರೇಮಚಂದರ ಕಥೆಯನ್ನು ಆಧರಿಸಿ ದೂರದರ್ಶನಕ್ಕಾಗಿ 1981ರಲ್ಲಿ ನಿರ್ಮಿಸಿದ ‘ಸದ್ಗತಿ’ಯನ್ನು ಈ ನಮೂನೆಯಲ್ಲಿ ತೂಗಿದಾಗ ಅದು ಬಹುತೇಕ ಅನುತ್ತೀರ್ಣವಾಯಿತು. ಅದರಲ್ಲಿ ಒಂದೇ ಹಳ್ಳಿ, ಬೆರಳೆಣಿಕೆಯ ಪಾತ್ರಗಳು, ಒಂದೇ ಭಾಷೆ ಇವೆ. ಕಥೆಯ ಕೇಂದ್ರದಲ್ಲಿರುವ ಚಮ್ಮಾರ ಜಾತಿಯ ದುಃಖಿಯ ಹೆಂಡತಿ ಝುರಿಯಾ ಮಗಳೊಡನೆ ಆಡುವ ಮಾತಿನ ಹೆಚ್ಚಿನ ಪಾಲು ಗಂಡನ ಸುತ್ತಲೇ ಸುತ್ತುತ್ತದೆ. ಅದೇ ತಿಂಗಳು ನೋಡಿದ, ಇತ್ತೀಚೆಗೆ ಮೊಬೈಲಿನಲ್ಲಿ ಜನಪ್ರಿಯವಾಗಿರುವ ಇನ್ನೊಂದು ಚಿತ್ರ (ಹೆಸರು ಬೇಡ, ವಾದ ಅತ್ತ ಹೋಗುತ್ತದೆ) ಭರ್ಜರಿ ಅಂಕ ಗಳಿಸಿತು. ಅದರಲ್ಲಿ ಒಂದೇ ಕಚೇರಿಯೊಳಗೆ ಒಬ್ಬ ಸಿಖ್ಖ, ಒಬ್ಬ ಕ್ರೈಸ್ತ, ಒಬ್ಬ ಮುಸ್ಲಿಂ ಹುಡುಗಿ, ಗಾಲಿಕುರ್ಚಿಯ ಮೇಲೊಬ್ಬ, ಕೊನೆಗೆ ‘ಅಯ್ಯೋ’ ಎನ್ನುವ ದಕ್ಷಿಣದವರೊಬ್ಬರು, ಎಲ್ಲರೂ ಇದ್ದಾರೆ. ಆದರೆ ಕಥೆಯ ಒಂದು ತಿರುವೂ ಇವರಲ್ಲಿ ಯಾರ ನಿರ್ಧಾರದಿಂದಲೂ ಬರುವುದಿಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ನಮೂನೆಯನ್ನೇ ಎಸೆದುಬಿಡೋಣ ಎಂದು ಹಿರಿಯರು ಹೇಳುತ್ತಿದ್ದಾರೆ. ಎಸೆದರೆ ಮತ್ತೆ “ನಟನೆ ಚೆನ್ನಾಗಿತ್ತು” ಎಂಬಲ್ಲಿಗೇ ಮರಳುತ್ತೇವೆಂಬ ಭಯ ನನಗೆ. ಟೆಲಿಚಿತ್ರವೊಂದರ ಪ್ರಾತಿನಿಧ್ಯವನ್ನು ನ್ಯಾಯವಾಗಿ ತೂಗಲು ಏನನ್ನು ನೋಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮಾಟುಂಗಾ ಹಳಬ ಉತ್ತರಿಸಿದ್ದು:

ಓದುಗಿಯವರೇ, ನಿಮ್ಮ ವಿದ್ಯಾರ್ಥಿನಿಯ ನಮೂನೆಯಲ್ಲಿರುವ ಎರಡನೆಯ ಪ್ರಶ್ನೆಯ ಮೂಲವನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ವ್ಯಂಗ್ಯಚಿತ್ರಗಾರ್ತಿ ಅಲಿಸನ್ ಬೆಕ್ಡೆಲ್ 1985ರಲ್ಲಿ ತಮ್ಮ ಚಿತ್ರಪಟ್ಟಿಯ ಒಂದು ಕಂತಿನಲ್ಲಿ, ಸ್ನೇಹಿತೆಯೊಬ್ಬರಿಂದ ಕೇಳಿದ ಮಾತೆಂದು, ಈ ನಿಯಮವನ್ನು ಪಾತ್ರವೊಂದರ ಬಾಯಲ್ಲಿ ಹೇಳಿಸಿದರು. ಅದು ಅರ್ಧ ತಮಾಷೆ, ಅರ್ಧ ಆಕ್ರೋಶ. ಒಂದು ಚಿತ್ರಕ್ಕೆ ಪಾಸು-ಫೇಲು ಕೊಡುವ ಉದ್ದೇಶ ಅದಕ್ಕಿರಲಿಲ್ಲ. ನೂರು ಚಿತ್ರಗಳನ್ನು ಸಾಲಾಗಿ ನಿಲ್ಲಿಸಿ, ಇಷ್ಟು ಸುಲಭವಾದ ಷರತ್ತನ್ನೂ ಎಷ್ಟು ಚಿತ್ರಗಳು ದಾಟಲಾರವೆಂಬುದನ್ನು ತೋರಿಸುವುದಕ್ಕೆ ಅದು ಒಳ್ಳೆಯ ಸಾಧನ. ಇಡೀ ಉದ್ಯಮದ ಜ್ವರವನ್ನು ನೋಡುವ ಉಪಕರಣದಿಂದ ಒಂದು ಚಿತ್ರದ ಆರೋಗ್ಯವನ್ನು ನಿರ್ಧರಿಸಹೊರಟದ್ದರಿಂದ ನಿಮಗೆ ವಿಚಿತ್ರವಾದ ಉತ್ತರ ಸಿಕ್ಕಿದೆ. ಆಸ್ಕರ್ ಸಂಸ್ಥೆಯವರು 2020ರಲ್ಲಿ ಪ್ರಕಟಿಸಿ, 2024ರ ಸಮಾರಂಭದಿಂದ ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಕಡ್ಡಾಯ ಮಾಡಿದ ಮಾನದಂಡಗಳೂ ಹೆಚ್ಚುಕಡಿಮೆ ಇದೇ ಜಾತಿಯವು. ಪರದೆಯ ಮೇಲಿನವರು, ತೆರೆಯ ಹಿಂದಿನವರು, ತರಬೇತಿಯ ಅವಕಾಶ, ಪ್ರಚಾರ-ವಿತರಣೆ ಎಂಬ ನಾಲ್ಕರಲ್ಲಿ ಯಾವುದಾದರೂ ಎರಡನ್ನು ಪೂರೈಸಿದರೆ ಸಾಕು. ಕೆಲಸ ಯಾರಿಗೆ ಸಿಗುತ್ತಿದೆ ಎಂಬ ನ್ಯಾಯವಾದ ಪ್ರಶ್ನೆಯನ್ನು ಅವು ಕೇಳುತ್ತವೆ. ಕಥೆ ಯಾರನ್ನು ಕುರಿತದ್ದು ಎಂಬುದೂ ಅವುಗಳಲ್ಲಿ ಒಂದು ಆಯ್ಕೆಯಾಗಿ ಬರುತ್ತದೆ, ಆದರೆ ಅವರ ಬಗ್ಗೆ ಚಿತ್ರ ಏನು ಹೇಳುತ್ತಿದೆ ಎಂಬುದನ್ನು ಅವು ತೂಗುವುದಿಲ್ಲ.

ನಾನು ವೃತ್ತಿಯಿಂದ ವಕೀಲ. ಈಗ ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ನಿಮ್ಮ ಪ್ರಶ್ನೆಯನ್ನು ಹೋಲುವ ಪ್ರಶ್ನೆಯೊಂದು ನಮ್ಮ ಮುಂಬಯಿಯಲ್ಲೇ ನ್ಯಾಯಾಲಯದ ಮೆಟ್ಟಿಲೇರಿತ್ತು. ಗೋವಿಂದ ನಿಹಲಾನಿಯವರು ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿ ದೂರದರ್ಶನಕ್ಕಾಗಿ ಮಾಡಿದ ‘ತಮಸ್’ 1988ರ ಆರಂಭದಲ್ಲಿ ಕಂತುಕಂತಾಗಿ ಪ್ರಸಾರವಾಗುತ್ತಿದ್ದಾಗ, ಅದು ಕೋಮುಗಳ ನಡುವೆ ದ್ವೇಷ ಹುಟ್ಟಿಸುತ್ತದೆಂದು ಆಕ್ಷೇಪಿಸಿ ಅರ್ಜಿಗಳು ಬಂದವು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಚಿತ್ರವನ್ನು ಸ್ವತಃ ಪೂರ್ತಿಯಾಗಿ ನೋಡಿ ಆಕ್ಷೇಪವನ್ನು ತಳ್ಳಿಹಾಕಿದರು. ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಅನ್ವಯಿಸಿದ ಅಳತೆಗೋಲು ನನಗೆ ಇಂದಿಗೂ ಉಪಯುಕ್ತವೆನಿಸುತ್ತದೆ. ಬಿಡಿ ದೃಶ್ಯವನ್ನು ಕಿತ್ತು ನೋಡಬಾರದು, ಕೃತಿಯ ಒಟ್ಟು ಪರಿಣಾಮವನ್ನು ನೋಡಬೇಕು. ಎಲ್ಲೆಡೆಯೂ ಅಪಾಯವನ್ನೇ ಕಾಣುವ ದುರ್ಬಲ ಮನಸ್ಸಿನವನ ಕಣ್ಣಿನಿಂದ ನೋಡದೆ, ವಿವೇಕವೂ ದೃಢತೆಯೂ ಇರುವ ಸಾಮಾನ್ಯ ಮನುಷ್ಯನ ಕಣ್ಣಿನಿಂದ ನೋಡಬೇಕು. ‘ತಮಸ್’ನ ಕಥೆಗೆ ಚಾಲನೆ ಕೊಡುವುದೇ ನಾಥೂ ಎಂಬ ಚರ್ಮ ಹದಮಾಡುವವನು. ಅವನನ್ನು ಮರುಳುಮಾಡಿ ಹಂದಿಯೊಂದನ್ನು ಕೊಲ್ಲಿಸಲಾಗುತ್ತದೆ, ಊರು ಹೊತ್ತಿ ಉರಿಯುತ್ತದೆ. ಆ ಒಂದೇ ದೃಶ್ಯವನ್ನು ಹಿಡಿದುಕೊಂಡರೆ ಒಂದು ಸಮುದಾಯವನ್ನು ಕೆಟ್ಟದ್ದಾಗಿ ತೋರಿಸಿದ್ದಾರೆಂದು ಹೇಳಬಹುದು. ಇಡೀ ಚಿತ್ರವನ್ನು ನೋಡಿದವರಿಗೆ ದೊಡ್ಡವರ ಆಟದಲ್ಲಿ ಅವನನ್ನು ಯಾರು ಏಕೆ ಬಳಸಿಕೊಂಡರೆಂಬುದು ಸ್ಪಷ್ಟವಾಗುತ್ತದೆ. (ಪ್ರಸಂಗವಶಾತ್ ಒಂದು ಮಾತು: ‘ತಮಸ್’ನ ಛಾಯಾಗ್ರಹಣದಲ್ಲಿ ನಿಹಲಾನಿಯವರ ಜೊತೆ ಕೈಜೋಡಿಸಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ತೆರೆಯ ಹಿಂದಿನ ಕನ್ನಡಿಗರನ್ನು ಎಣಿಸುವ ಅಂಕಣ ನಿಮ್ಮ ನಮೂನೆಯಲ್ಲಿದ್ದರೆ ಅಲ್ಲೊಂದು ಅಂಕ ಸಿಗುತ್ತದೆ.)

‘ಸದ್ಗತಿ’ಯನ್ನು ತೂಗುವಾಗ ಕಾಲವನ್ನೂ ಮರೆಯಬಾರದು. ಮುಂಬಯಿಗೆ ದೂರದರ್ಶನ ಕೇಂದ್ರ ಬಂದದ್ದು 1972ರ ಅಕ್ಟೋಬರಿನಲ್ಲಿ, ಬೆಂಗಳೂರಿಗೆ 1981ರ ನವೆಂಬರಿನಲ್ಲಿ. ಇದ್ದದ್ದು ಒಂದೇ ವಾಹಿನಿ, ಅದೂ ಸರಕಾರದ್ದು. ಆ ವಾಹಿನಿಯ ಮೂಲಕ, ಟಿವಿ ಕೊಳ್ಳಬಲ್ಲ ಮೇಲ್ವರ್ಗದ ಮನೆಗಳ ನಡುಕೋಣೆಗೇ ಈ ಚಿತ್ರವನ್ನು ಕಳಿಸಿದ್ದು ಸಣ್ಣ ಸಂಗತಿಯಲ್ಲ. ಯಾರನ್ನು ತೋರಿಸಿದರು ಎಂಬುದರ ಜೊತೆಗೆ ಯಾರಿಗೆ ತೋರಿಸಿದರು ಎಂಬುದೂ ಪ್ರಾತಿನಿಧ್ಯದ ಲೆಕ್ಕಕ್ಕೆ ಸೇರಬೇಕೆಂದು ನನ್ನ ಅಭಿಪ್ರಾಯ.

ಪುಣೆ ಸಂಕಲನ ಉತ್ತರಿಸಿದ್ದು:

ನಾನು ಪುಣೆಯಲ್ಲಿ ಧಾರಾವಾಹಿ ಮತ್ತು ಸಾಕ್ಷ್ಯಚಿತ್ರಗಳ ಸಂಕಲನ ಮಾಡುತ್ತೇನೆ. ವಕೀಲ ಸಾಹೇಬರ “ಒಟ್ಟು ಪರಿಣಾಮ” ಎಂಬ ಮಾತು ಸರಿಯೇ, ಆದರೆ ಹತ್ತು ಜನ ಕೂತು ಚರ್ಚಿಸುವಾಗ ಅದು ಕೈಗೆ ಸಿಗುವುದಿಲ್ಲ. ಪ್ರತಿಯೊಬ್ಬರಿಗೂ ಒಟ್ಟು ಪರಿಣಾಮ ಬೇರೆಯೇ ಆಗಿರುತ್ತದೆ. ಆದ್ದರಿಂದ ಎಣಿಕೆಯನ್ನು ಬಿಡಬೇಡಿ, ಎಣಿಸುವ ವಸ್ತುವನ್ನು ಬದಲಿಸಿ ಎಂದು ನಾನು ಸೂಚಿಸುತ್ತೇನೆ.

ಸಂಕಲನದ ಮೇಜಿನ ಮೇಲೆ ಪಾತ್ರಗಳ ಪಟ್ಟಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಅಲ್ಲಿ ನಮಗೆ ಬೇಕಾಗುವುದು ಶಾಟುಗಳ ಪಟ್ಟಿ. ನೀವೂ ಹಾಗೆಯೇ ಮಾಡಬಹುದು. ‘ಸದ್ಗತಿ’ ಸುಮಾರು 50 ನಿಮಿಷಗಳ ಚಿತ್ರ, ಒಂದು ಭಾನುವಾರ ಮಧ್ಯಾಹ್ನ ಸಾಕು. ಮೊದಲ ಸಲ ಸುಮ್ಮನೆ ನೋಡಿ. ಎರಡನೆಯ ಸಲ ಧ್ವನಿಯನ್ನು ಪೂರ್ತಿ ತೆಗೆದು, ಪ್ರತಿ ದೃಶ್ಯಕ್ಕೂ ಈ ಕೆಲವು ಸಂಗತಿಗಳನ್ನು ಬರೆದುಕೊಳ್ಳಿ: ಚೌಕಟ್ಟಿನಲ್ಲಿ ಯಾರಿದ್ದಾರೆ, ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ಯಾರ ಕೈಗಳು ಕೆಲಸ ಮಾಡುತ್ತಿವೆ, ಕ್ಯಾಮೆರಾ ಯಾರ ಕಣ್ಣಿನ ಎತ್ತರದಲ್ಲಿದೆ, ಒಬ್ಬರು ಮಾತಾಡುವಾಗ ಯಾರ ಮುಖವನ್ನು ತೋರಿಸುತ್ತಾರೆ. ಧ್ವನಿ ಇಲ್ಲದಿದ್ದಾಗ ಸಂಭಾಷಣೆಯ ಮೋಡಿ ಕಳಚಿಬೀಳುತ್ತದೆ. ನಿಮಗೆ ಭರ್ಜರಿ ಅಂಕ ಗಳಿಸಿಕೊಟ್ಟ ಆ ಕಚೇರಿಯ ಚಿತ್ರವನ್ನೂ ಹೀಗೆಯೇ ನೋಡಿದರೆ, ಆ ಐದು ಜನರ ಮುಖಗಳು ಬಹುಪಾಲು ನಾಯಕನ ಮಾತಿಗೆ ನಗಲು ಮತ್ತು ತಲೆದೂಗಲು ಮಾತ್ರ ತೆರೆಗೆ ಬರುತ್ತವೆ ಎಂಬುದನ್ನು ಒಂದೇ ಗಂಟೆಯಲ್ಲಿ ಕಾಗದದ ಮೇಲೆ ತೋರಿಸಬಹುದು ಎಂದು ನಾನು ಊಹಿಸುತ್ತೇನೆ. ನಮ್ಮ ಕಸುಬಿನಲ್ಲಿ ಇದಕ್ಕೆ ರಿಯಾಕ್ಷನ್ ಶಾಟ್ ಎನ್ನುತ್ತೇವೆ. ಯಾರ ಪ್ರತಿಕ್ರಿಯೆಗೆ ಸಮಯ ಕೊಡುತ್ತೇವೋ ಅವರನ್ನು ಪ್ರೇಕ್ಷಕ ಮನುಷ್ಯರೆಂದು ಎಣಿಸುತ್ತಾನೆ. ಯಾರನ್ನು ಬರೀ ಪ್ರತಿಕ್ರಿಯೆಗಾಗಿ ಇಟ್ಟುಕೊಳ್ಳುತ್ತೇವೋ ಅವರು ಪೀಠೋಪಕರಣಗಳ ಸಾಲಿಗೆ ಸೇರುತ್ತಾರೆ.

‘ಸದ್ಗತಿ’ಯಲ್ಲಿ ಒಂದು ಜಾಗವನ್ನು ಮಾತ್ರ ಹತ್ತಿರದಿಂದ ನೋಡೋಣ. ಜ್ವರದಿಂದ ಎದ್ದು ಬಂದ ದುಃಖಿ ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಪಂಡಿತನ ಮನೆಗೆ ಹೋಗಿ, ಹೊಟ್ಟೆಗಿಲ್ಲದೆ ಕೆಲಸ ಮಾಡಿ, ಸೀಳದ ಮರದ ಕೊರಡಿನ ಪಕ್ಕದಲ್ಲೇ ಸಾಯುತ್ತಾನೆ. ಶವ ಬಿದ್ದಿರುವುದು ಬ್ರಾಹ್ಮಣರು ಬಾವಿಗೆ ಹೋಗುವ ದಾರಿಯಲ್ಲಿ. ಅದನ್ನು ಎತ್ತಲು ಯಾರೂ ಬರುವುದಿಲ್ಲ. ಕೊನೆಗೆ ಪಂಡಿತನೇ ನಸುಕಿನಲ್ಲಿ ಬಂದು, ಕೋಲಿನಿಂದ ಶವದ ಕಾಲನ್ನು ಎತ್ತಿ, ಹಗ್ಗದ ಕುಣಿಕೆಯನ್ನು ಹರಡಿಗೆ ಸಿಕ್ಕಿಸಿ, ಮುಟ್ಟದೆಯೇ ಎಳೆದುಕೊಂಡು ಹೋಗಿ ಸತ್ತ ದನಗಳ ಎಲುಬುಗಳು ಬಿದ್ದಿರುವ ಬಯಲಿನಲ್ಲಿ ಬಿಡುತ್ತಾನೆ. ಆಮೇಲೆ ಆ ಜಾಗಕ್ಕೆ ನೀರು ಚಿಮುಕಿಸುತ್ತಾನೆ. ಈ ದೃಶ್ಯದಲ್ಲಿ ಭಾಷಣವಿಲ್ಲ. ಕೋಲು, ಕುಣಿಕೆ, ಕಾಲು, ಎಳೆಯುವಾಗ ಬಾಗುವ ಬೆನ್ನು, ಇಷ್ಟೇ. ಇಡೀ ಚಿತ್ರದಲ್ಲಿ ಪಂಡಿತ ನಿಜವಾದ ದೈಹಿಕ ಶ್ರಮ ಪಡುವುದು ಬಹುಶಃ ಇಲ್ಲಿ ಮಾತ್ರ. ನಿಮ್ಮ ನಮೂನೆಯಲ್ಲಿ “ಯಾರ ಕೈಗಳು ಕೆಲಸ ಮಾಡುತ್ತಿವೆ” ಎಂಬ ಅಂಕಣವಿದ್ದಿದ್ದರೆ ಅಲ್ಲಿಯವರೆಗೂ ದುಃಖಿಯ ಹೆಸರೇ ತುಂಬಿಕೊಂಡು ಬಂದು, ಈ ಸಾಲಿನಲ್ಲಿ ಒಮ್ಮೆಲೇ ಪಂಡಿತನ ಹೆಸರು ಕಾಣಿಸಿಕೊಳ್ಳುತ್ತಿತ್ತು. ಜಾತಿವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಚಿತ್ರ ಹೇಳಿರುವುದು ಹೀಗೆ. ಪಾತ್ರಗಳ ತಲೆ ಎಣಿಸಿದ್ದಕ್ಕೆ ನಿಮಗದು ಸಿಗಲಿಲ್ಲ.

ಪಂಡಿತನ ಪಾತ್ರ ಮಾಡಿದ ಮೋಹನ ಆಗಾಶೆಯವರು ನಮ್ಮ ಪುಣೆಯವರು, ಮನೋವೈದ್ಯರು. ಆ ಪಾತ್ರವನ್ನು ಅವರು ರಾಕ್ಷಸನನ್ನಾಗಿ ಮಾಡಲಿಲ್ಲ, ಸೋಮಾರಿಯಾದ, ತನ್ನ ಹಕ್ಕಿನ ಬಗ್ಗೆ ಸಂಶಯವೇ ಇಲ್ಲದ ಗೃಹಸ್ಥನನ್ನಾಗಿ ಮಾಡಿದರು. ಪೀಡಕನನ್ನು ಹೇಗೆ ಚಿತ್ರಿಸಿದ್ದಾರೆಂಬುದಕ್ಕೂ ನಿಮ್ಮ ನಮೂನೆಯಲ್ಲಿ ಜಾಗವಿರಲಿ.

ಕುರ್ಲಾ ರಾತ್ರಿಶಾಲೆ ಉತ್ತರಿಸಿದ್ದು:

ಮೇಲಿನ ಎರಡೂ ಉತ್ತರಗಳನ್ನು ಓದಿದೆ. ಎರಡರಲ್ಲೂ ‘ಸದ್ಗತಿ’ ದೊಡ್ಡ ಕೃತಿ, ಆದ್ದರಿಂದ ನಮೂನೆಯೇ ತಪ್ಪಿರಬೇಕು ಎಂಬ ನಿರ್ಣಯ ಮೊದಲೇ ಆಗಿಬಿಟ್ಟಿದೆ. ನಾನು ಅದನ್ನು ಒಪ್ಪಲಾರೆ. ನನ್ನ ತಂದೆಯವರು ಕಲಬುರಗಿ ಜಿಲ್ಲೆಯಿಂದ ಬಂದು ಇಲ್ಲಿಯ ಗೋದಿಯಲ್ಲಿ (ಹಡಗುಕಟ್ಟೆಯಲ್ಲಿ) ಮೂಟೆ ಹೊತ್ತವರು. ನಾನು ಹಗಲು ಕ್ಯಾಂಟೀನಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ದುಃಖಿಯ ಜಾತಿಗೂ ನಮ್ಮ ಜಾತಿಗೂ ಊರು ಬೇರೆ, ಹೆಸರು ಬೇರೆ, ಅಷ್ಟೇ ವ್ಯತ್ಯಾಸ. ಆ ಚಿತ್ರವನ್ನು ನೋಡಿದಾಗ ನನಗೆ ದುಃಖವೂ ಆಯಿತು, ಅದಕ್ಕಿಂತ ಹೆಚ್ಚಾಗಿ ಅಸಮಾಧಾನವೂ ಆಯಿತು. ಆ ಅಸಮಾಧಾನಕ್ಕೂ ನಿಮ್ಮ ಚರ್ಚೆಯಲ್ಲಿ ಸ್ಥಾನ ಬೇಕು.

ಕಾರಣ ಹೇಳುತ್ತೇನೆ. ಪ್ರೇಮಚಂದರು ಆ ಕಥೆ ಬರೆದದ್ದು 1930ರ ದಶಕದ ಆರಂಭದಲ್ಲಿ. ಅಷ್ಟು ಹೊತ್ತಿಗೆ ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚವದಾರ ಕೆರೆಯ ನೀರನ್ನು ಸಾವಿರಾರು ಜನರೊಡನೆ ಕೈಯಿಂದ ಮೊಗೆದು ಕುಡಿದಾಗಿತ್ತು. ರಾಯ್ ಅವರು ಚಿತ್ರ ಮಾಡುವ ಹೊತ್ತಿಗಂತೂ ಇದೇ ಮುಂಬಯಿಯಲ್ಲಿ 1972ರಲ್ಲಿ ದಲಿತ ಪ್ಯಾಂಥರ್ಸ್ ಎಂಬ ಹೋರಾಟದ ಸಂಘಟನೆ ಹುಟ್ಟಿ, ಮರಾಠಿಯಲ್ಲಿ ದಲಿತರೇ ತಮ್ಮ ಕಥೆಯನ್ನು ಬರೆಯುತ್ತಿದ್ದರು. ಆದರೂ 1981ರ ಪರದೆಯ ಮೇಲಿನ ದಲಿತ ಮನುಷ್ಯ ಎಲ್ಲಿಯೂ ‘ಇಲ್ಲ’ ಎನ್ನುವುದಿಲ್ಲ. ಅವನ ಸಿಟ್ಟು ಹೊರಬೀಳುವುದು ಮರದ ಕೊರಡಿನ ಮೇಲೆ ಮಾತ್ರ. ಕಥೆಯನ್ನು ಬರೆದವರು, ಚಿತ್ರಕಥೆ ಮಾಡಿದವರು, ಓಂ ಪುರಿ, ಸ್ಮಿತಾ ಪಾಟೀಲ್, ಇವರಲ್ಲಿ ಯಾರೂ ಆ ಸಮುದಾಯದಿಂದ ಬಂದವರಲ್ಲ. ಅವರ ಕೌಶಲವನ್ನು ನಾನು ಕಡೆಗಣಿಸುತ್ತಿಲ್ಲ. ಸ್ಮಿತಾ ಪಾಟೀಲರು ಮಳೆಯಲ್ಲಿ ಪಂಡಿತನ ಮುಚ್ಚಿದ ಬಾಗಿಲ ಮುಂದೆ ಅಳುವ ದೃಶ್ಯವನ್ನು ನೋಡಿ ನಮ್ಮ ಅವ್ವ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು. ಆದರೆ ತೆರೆಯ ಹಿಂದೆ ಯಾರಿದ್ದರು ಎಂಬ ಪ್ರಶ್ನೆಗೆ ನಿಮ್ಮ ವಿದ್ಯಾರ್ಥಿನಿ ಸೊನ್ನೆ ಹಾಕಿದ್ದರೆ ಆ ಸೊನ್ನೆ ಹಾಗೆಯೇ ಇರಲಿ. ದೊಡ್ಡ ನಿರ್ದೇಶಕರೆಂಬ ಗೌರವದಿಂದ ಅದನ್ನು ಅಳಿಸಬೇಡಿ.

ನಮ್ಮ ಕನ್ನಡದಲ್ಲೇ ಹೋಲಿಸಿ ನೋಡಿ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ಯೂ ಹೊರಗಿನವರೇ ಮಾಡಿದ ಚಿತ್ರ. ಚೋಮನೂ ಸೋಲುತ್ತಾನೆ. ಆದರೆ ಅವನಿಗೆ ಒಂದು ಆಸೆಯಿದೆ. ಸ್ವಂತ ಬೇಸಾಯ ಮಾಡಬೇಕೆಂಬ ಆ ಆಸೆಗೆ ಊರು ಅಡ್ಡ ನಿಲ್ಲುತ್ತದೆ. ಅವನಿಗೊಂದು ದುಡಿಯಿದೆ, ಅದನ್ನು ಅವನು ಯಾರ ಅಪ್ಪಣೆಯನ್ನೂ ಕೇಳದೆ ಬಾರಿಸುತ್ತಾನೆ. ದುಃಖಿಗೆ ಅಂಥದ್ದೇನನ್ನೂ ಕೊಟ್ಟಿಲ್ಲ, ಅವನು ಬಯಸುವ ಮುಹೂರ್ತ ಕೂಡ ಪಂಡಿತನ ಕೈಯಲ್ಲಿರುವುದೇ. ನಾನು ಸೇರಿಸಬಯಸುವ ಪ್ರಶ್ನೆ ಇದು: ಈ ಮನುಷ್ಯನಿಗೆ ತನ್ನ ಪೀಡೆಯ ಹೊರಗೆ ಏನಾದರೂ ಇದೆಯೇ? ನಗು, ಜಗಳ, ಹಾಡು, ನೆರೆಹೊರೆ, ಮೋಸ ಕೂಡ ಆದೀತು. ನೋವು ಮಾತ್ರ ಇರುವ ಪಾತ್ರವನ್ನು ನೋಡಿ ಮೇಲಿನವರು ಕಣ್ಣೊರೆಸಿಕೊಳ್ಳಬಹುದು, ಆದರೆ ನಮ್ಮ ಹುಡುಗರು ಅದರಲ್ಲಿ ತಮ್ಮನ್ನು ಕಾಣುವುದಿಲ್ಲ.

ಡೊಂಬಿವಲಿ ಓದುಗಿ ಮರು ಬರೆದದ್ದು:

ಕುರ್ಲಾದ ಅಣ್ಣನವರೇ, ನಿಮ್ಮ ಉತ್ತರವನ್ನು ಬಳಗದಲ್ಲಿ ಗಟ್ಟಿಯಾಗಿ ಓದಿದೆ. ಆ ಸೊನ್ನೆಯನ್ನು ಯಾರೂ ಅಳಿಸುವುದಿಲ್ಲ ಎಂದು ಒಪ್ಪಿಕೊಂಡೆವು. ಆದರೆ ದುಃಖಿಯ ಕಡೆಯವರು ಎಲ್ಲಿಯೂ ‘ಇಲ್ಲ’ ಎನ್ನುವುದಿಲ್ಲ ಎಂಬ ನಿಮ್ಮ ಮಾತಿಗೆ ವಿನಯದಿಂದ ಒಂದು ತಿದ್ದುಪಡಿ ಸೂಚಿಸಲೇ?

ಚಿತ್ರದಲ್ಲಿ ಗೊಂಡನೊಬ್ಬ (ಗೊಂಡ ಎಂಬ ಆದಿವಾಸಿ ಸಮುದಾಯದವನು) ಇದ್ದಾನಲ್ಲ, ದುಃಖಿ ಸತ್ತ ಮೇಲೆ ಅವನು ಹೋಗಿ ಚಮ್ಮಾರರ ಕೇರಿಯವರಿಗೆ, ಪೋಲೀಸರ ತನಿಖೆಯಾಗಲಿದೆ, ಶವವನ್ನು ಎತ್ತಲು ಹೋಗಬೇಡಿ ಎಂದು ಎಚ್ಚರಿಸುತ್ತಾನೆ. ಪಂಡಿತ ಬಂದು ಕರೆದರೂ ಯಾರೂ ಹೋಗುವುದಿಲ್ಲ. ಅದು ಭಯವೂ ಇರಬಹುದು, ಆದರೆ ಅದರ ಫಲ ನೋಡಿ: ತಲೆಮಾರುಗಳಿಂದ ಅವರ ಪಾಲಿಗೆ ಬಿದ್ದ ಕೆಲಸವನ್ನು ಅವರು ಆ ದಿನ ಮಾಡಲಿಲ್ಲ, ಪುಣೆಯವರು ವರ್ಣಿಸಿದ ಹಗ್ಗವನ್ನು ಪಂಡಿತ ತಾನೇ ಹಿಡಿಯಬೇಕಾಯಿತು. ನಮ್ಮ ನಮೂನೆಯಲ್ಲಿ ಮಾಡಿದ್ದನ್ನು ಬರೆಯಲು ಜಾಗವಿತ್ತು, ಮಾಡದೆ ಉಳಿದದ್ದನ್ನು ಬರೆಯಲು ಇರಲಿಲ್ಲ. ಈ ನಿರಾಕರಣೆಗೆ ಚಿತ್ರ ಸಾಕಷ್ಟು ಹೊತ್ತು ಕೊಟ್ಟಿದೆಯೇ, ಆ ಕೇರಿಯವರಿಗೆ ಮುಖಗಳನ್ನು ಕೊಟ್ಟಿದೆಯೇ ಎಂದು ಕೇಳಿದರೆ, ಬಹಳ ಕಡಿಮೆ ಎಂದು ನಾನೂ ಹೇಳುತ್ತೇನೆ. ಗೊಂಡನ ಪಾತ್ರವಿರದಿದ್ದರೆ ಅದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಇನ್ನೊಂದು. ಮೂಲಕಥೆಯನ್ನು ನಮ್ಮಲ್ಲೊಬ್ಬರು ಹಿಂದಿಯಲ್ಲಿ ಓದಿ ಹೇಳಿದರು. ಅದರ ಆರಂಭದಲ್ಲಿ ಗಂಡ ಹೆಂಡತಿ ಪಂಡಿತ ಬಂದರೆ ಎಲ್ಲಿ ಕೂರಿಸುವುದು ಎಂದು ಚಿಂತಿಸುತ್ತಾರೆ. ನಮ್ಮ ಮಂಚದ ಮೇಲೆ ಅವನು ಕೂರುವುದಿಲ್ಲ, ಬೇರೆಯವರು ನಮಗೆ ಮಂಚ ಕೊಡುವುದಿಲ್ಲ, ಹಾಗಾದರೆ ಇಪ್ಪೆ ಎಲೆಯ ಹಾಸು ಮಾಡೋಣ, ದಕ್ಷಿಣೆಗೆ ಹಿಟ್ಟು, ಅಕ್ಕಿ, ಬೇಳೆ, ತುಪ್ಪ, ಉಪ್ಪು, ಅರಿಸಿನ, ನಾಲ್ಕಾಣೆ ಕಾಸು ಹೊಂದಿಸೋಣ ಎನ್ನುತ್ತಾರೆ. ಬೆಕ್ಡೆಲ್ ನಿಯಮದ ಪ್ರಕಾರ ಇದು ಲೆಕ್ಕಕ್ಕೇ ಬಾರದು, ಗಂಡನೊಡನೆ ಆಡಿದ ಮಾತು. ಆದರೆ ಆ ಹಳ್ಳಿಯ ಅರ್ಥಶಾಸ್ತ್ರವೂ ಅಸ್ಪೃಶ್ಯತೆಯ ನಿಯಮಾವಳಿಯೂ ಆ ಸಂಸಾರಕ್ಕೆ ಎಷ್ಟು ಕರಾರುವಾಕ್ಕಾಗಿ ಗೊತ್ತಿದೆ ಎಂಬುದು ಅಲ್ಲಿ ಕಾಣುತ್ತದೆ. ಅರಿವುಳ್ಳವರನ್ನು ಅಸಹಾಯಕರನ್ನಾಗಿ ತೋರಿಸುವುದಕ್ಕೂ ಅರಿವಿಲ್ಲದವರನ್ನಾಗಿ ತೋರಿಸುವುದಕ್ಕೂ ವ್ಯತ್ಯಾಸವಿದೆಯಲ್ಲವೇ?

ಕುರ್ಲಾ ರಾತ್ರಿಶಾಲೆ ಉತ್ತರಿಸಿದ್ದು:

ಎತ್ತದೆ ಬಿಟ್ಟದ್ದನ್ನು ‘ಇಲ್ಲ’ ಎಂದು ಓದಬಹುದು, ಒಪ್ಪುತ್ತೇನೆ. ಆದರೆ ಅದನ್ನು ಹಾಗೆ ಓದಲು ನಾವು ಇಷ್ಟು ಮಾತಾಡಬೇಕಾಯಿತು. ಪಂಡಿತನ ಅಸಹ್ಯವನ್ನು ಓದಲು ಯಾರೂ ಮಾತಾಡಬೇಕಾಗಲಿಲ್ಲ, ಕ್ಯಾಮೆರಾ ನೇರವಾಗಿ ತೋರಿಸಿತು. ಈ ವ್ಯತ್ಯಾಸವನ್ನೇ ನಾನು ಪ್ರಾತಿನಿಧ್ಯದ ಕೊರತೆ ಎಂದು ಕರೆಯುತ್ತಿರುವುದು.

ವಾಸ್ಕೋ ಟೀಚರ್ ಉತ್ತರಿಸಿದ್ದು:

ಗೋವಾದಿಂದ ಒಂದು ಮಾತು ಸೇರಿಸುತ್ತೇನೆ. ವಾಸ್ಕೋದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮಕ್ಕಳ ತಂದೆತಾಯಿಗಳು ಹೆಚ್ಚಾಗಿ ಉತ್ತರ ಕರ್ನಾಟಕದಿಂದ ಬಂದು ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ, ಮೀನುಮಾರುಕಟ್ಟೆಯಲ್ಲಿ ದುಡಿಯುವವರು. ಇಲ್ಲಿ ನಮ್ಮವರನ್ನು ಏನೆಂದು ಕರೆಯುತ್ತಾರೆಂಬುದು ಗೋವಾದಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು, ಬರೆಯುವುದು ಬೇಡ. ಗೋವಾದಲ್ಲಿ ಚಿತ್ರೀಕರಣವಾಗುವ ಧಾರಾವಾಹಿಗಳೂ ಚಿತ್ರಗಳೂ ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಸಮುದ್ರವಿದೆ, ಚರ್ಚಿದೆ, ಸದಾ ಕುಡಿದಿರುವ ಒಬ್ಬ ಕ್ಯಾಥೊಲಿಕ್ ಮುದುಕನಿದ್ದಾನೆ (ಇದರ ಬಗ್ಗೆ ಗೋವಾದ ಕ್ರೈಸ್ತ ಗೆಳತಿಯರಿಗಿರುವ ಸಿಟ್ಟನ್ನು ಬರೆಯಲು ಬೇರೆಯೇ ಎಳೆ ಬೇಕಾದೀತು), ಆದರೆ ಆ ಹೋಟೆಲನ್ನು ಕಟ್ಟಿದವರಿಲ್ಲ.

ನನಗೆ ಮುಖ್ಯವೆನಿಸುವುದು ಮಾತಿನ ಧಾಟಿ. ನಿಮ್ಮ ನಮೂನೆಯಲ್ಲಿ “ಎಷ್ಟು ಭಾಷೆಗಳು” ಎಂದಿದೆ. ಅದಕ್ಕಿಂತ, ಯಾರ ಮಾತಿನ ಧಾಟಿ ನಗೆಗೀಡಾಗುತ್ತದೆ ಎಂದು ಕೇಳಿ. ಹಿಂದಿ ಧಾರಾವಾಹಿಗಳಲ್ಲಿ ಮಾಲೀಕ ಮನೆತನ ಪಂಜಾಬಿಯಾಗಿರಲಿ ಮರಾಠಿಯಾಗಿರಲಿ ಶುದ್ಧ ಹಿಂದಿಯಲ್ಲಿ ಮಾತಾಡುತ್ತದೆ, ಮನೆಗೆಲಸದವಳಿಗೆ ಮಾತ್ರ ‘ಧಾಟಿ’ ಇರುತ್ತದೆ. ಕಳೆದ ವರ್ಷ ತರಗತಿಯಲ್ಲಿ ಅಂಥದ್ದೊಂದು ಕಿರುಚಿತ್ರ ತೋರಿಸಿದಾಗ, ಕಟ್ಟಡದ ಕೂಲಿಯಾಳಾಗಿ ಕಾಣಿಸಿಕೊಂಡ ಹೆಂಗಸು ತಲೆಯ ಮೇಲೆ ಸಿಂಬಿ ಇಲ್ಲದೆ ಬರಿಯ ಬುಟ್ಟಿ ಹೊತ್ತಿದ್ದನ್ನು ಐದನೆಯ ತರಗತಿಯ ಹುಡುಗಿಯೊಬ್ಬಳು ತಕ್ಷಣ ಗುರುತಿಸಿ, “ಟೀಚರ್, ಆಕೀ ಖರೇನ ಹೊತ್ತಿಲ್ಲ, ಬುಟ್ಟಿ ಖಾಲಿ ಐತಿ” ಎಂದಳು. ಅವಳ ಅವ್ವ ದಿನವೂ ಹೊರುವವಳು. ಕಾಣಿಸಿಕೊಂಡ ಸಮುದಾಯದವರನ್ನೇ ಕೂರಿಸಿ ನೋಡಿಸುವುದು ಮೌಲ್ಯಮಾಪನದ ಒಂದು ಭಾಗವಾಗಬೇಕೆಂದು ನನಗನ್ನಿಸಿದ್ದು ಆ ದಿನ. ಡೊಂಬಿವಲಿಯಲ್ಲೂ ಬೆಳಿಗ್ಗೆ ಕೂಲಿಯಾಳುಗಳು ಕೆಲಸಕ್ಕಾಗಿ ಕಾದು ನಿಲ್ಲುವ ನಾಕಾದಲ್ಲಿ ಕನ್ನಡ ಕೇಳಿಸುತ್ತದೆಂದು ಕೇಳಿದ್ದೇನೆ. ನಿಮ್ಮ ಬಳಗದಲ್ಲಿ ಬ್ಯಾಂಕಿನವರು, ಹೋಟೆಲಿನವರು, ವಿದ್ಯಾರ್ಥಿಗಳು ಇದ್ದಾರೆ ಎಂದಿರಿ. ಅವರನ್ನೂ ಕರೆಯಬಹುದಲ್ಲವೇ, ಅಕ್ಕಾ?

ಉತ್ತರವಾಗಿ ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿತ್ತು, ಆದರೆ ಅದರಲ್ಲಿ ಕನ್ನಡದ ನಟನಟಿಯರು ದಕ್ಷಿಣದ ಊರೊಂದರ ಜನರಾಗಿ ಯಾವ ‘ಅಯ್ಯೋ’ವನ್ನೂ ಹೇರಿಕೊಳ್ಳದೆ ಸಹಜವಾಗಿ ಬದುಕಿದರು. ದಕ್ಷಿಣದವರೆಂದರೆ ಹೀಗೆ ಎಂಬ ಚಿತ್ರವನ್ನು ದಕ್ಷಿಣದವರೇ ಕೈಗೆತ್ತಿಕೊಂಡಾಗ ಏನಾಗುತ್ತದೆಂಬುದಕ್ಕೆ ಅದನ್ನು ಆ ಕಚೇರಿಯ ಚಿತ್ರದ ಪಕ್ಕದಲ್ಲಿಟ್ಟು ನೋಡಿ.

ಮಾಟುಂಗಾ ಹಳಬ ಉತ್ತರಿಸಿದ್ದು:

ಟೀಚರ್ ಅವರ ಸಲಹೆಗೆ ನನ್ನ ಬೆಂಬಲವಿದೆ, ಒಂದು ಎಚ್ಚರಿಕೆಯೊಡನೆ. ಕರೆಸಿದವರನ್ನು ಅವರ ಜಾತಿಯ ಅಥವಾ ಕಸುಬಿನ ವಕ್ತಾರರನ್ನಾಗಿ ಕೂರಿಸಿ “ನಿಮಗೆ ಹೇಗನಿಸಿತು, ಹೇಳಿ” ಎಂದು ಎಲ್ಲರೂ ತಿರುಗಿ ನೋಡಿದರೆ, ಆ ಕಚೇರಿಯ ಚಿತ್ರ ಮಾಡಿದ್ದನ್ನೇ ನೀವೂ ಮಾಡಿದಂತಾಗುತ್ತದೆ. ಅವರಿಗೆ ನಟನೆಯ ಬಗ್ಗೆ, ಕೊನೆ ಎಳೆದುದರ ಬಗ್ಗೆ ಮಾತಾಡಬೇಕೆನಿಸಿದರೆ ಅದೂ ನಡೆಯಲಿ.

ಡೊಂಬಿವಲಿ ಓದುಗಿ ಮರು ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ನಮೂನೆಯಿಂದ ಒಟ್ಟು ಅಂಕವನ್ನು ತೆಗೆದುಹಾಕಿದ್ದೇವೆ. ಅಂಕಣಗಳು ಉಳಿದಿವೆ, ಕೂಡಿಸುವ ಸಾಲಿಲ್ಲ. ತೆರೆಯ ಹಿಂದಿನವರ ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿ ಇಡುತ್ತೇವೆ, ಅಲ್ಲಿ ಸೊನ್ನೆ ಸೊನ್ನೆಯೇ. ತೆರೆಯ ಮೇಲಿನದಕ್ಕೆ ಯಾರ ಕೈಗಳು ದುಡಿಯುತ್ತಿವೆ, ಯಾರ ಮುಖಕ್ಕೆ ಸಮಯ ಸಿಗುತ್ತದೆ, ಯಾರು ಏನನ್ನು ಮಾಡಲು ಒಪ್ಪುವುದಿಲ್ಲ, ನೋವಿನ ಹೊರಗೆ ಯಾರಿಗೆ ಏನಿದೆ, ಯಾರ ಮಾತಿನ ಧಾಟಿಗೆ ನಗು ಹುಟ್ಟುತ್ತದೆ ಎಂಬ ಪ್ರಶ್ನೆಗಳನ್ನು ಸೇರಿಸಿದ್ದೇವೆ. ನಾಕಾದಲ್ಲಿ ನಿಲ್ಲುವ ಎರಡು ಕುಟುಂಬಗಳನ್ನು ನಮ್ಮ ಹೋಟೆಲಿನ ಅಣ್ಣ ಕರೆಯುತ್ತಾರಂತೆ. ಭಾನುವಾರವೂ ಕೂಲಿ ಇರುತ್ತದೆಂದು ಅವರು ಹೇಳಿದ್ದರಿಂದ ಸಮಯವನ್ನು ರಾತ್ರಿ ಎಂಟಕ್ಕೆ ಬದಲಿಸಿದ್ದೇವೆ.

ಪುಣೆಯವರಿಗೆ ಒಂದು ತಾಂತ್ರಿಕ ಪ್ರಶ್ನೆ ಉಳಿದಿದೆ. ಶಾಟುಗಳ ಪಟ್ಟಿ ಮಾಡುತ್ತಿರುವ ವಿದ್ಯಾರ್ಥಿನಿ ಕೇಳುತ್ತಿದ್ದಾಳೆ: ದುಃಖಿ ಸತ್ತ ಮೇಲೆ ಅವನ ದೇಹ ಪರದೆಯ ಮೇಲಿರುವ ಹೊತ್ತನ್ನು ದುಃಖಿಯ ಸಮಯವೆಂದು ಬರೆಯಬೇಕೇ, ಬೇಡವೇ?

ಪುಣೆ ಸಂಕಲನ ಉತ್ತರಿಸಿದ್ದು:

ಬರೆಯಬೇಕು, ಆದರೆ ಬೇರೆ ಬಣ್ಣದ ಪೆನ್ನಿನಲ್ಲಿ. ಅದೇ ಸಾಲಿನಲ್ಲಿ, ಆ ಹೊತ್ತಿನಲ್ಲಿ ಯಾರು ಅವನನ್ನು ನೋಡುತ್ತಿದ್ದಾರೆ, ಯಾರು ಸುತ್ತುಬಳಸಿ ಬಾವಿಗೆ ಹೋಗುತ್ತಿದ್ದಾರೆ, ಯಾರು ಬಾಗಿಲು ಮುಚ್ಚಿಕೊಂಡಿದ್ದಾರೆ ಎಂಬುದನ್ನೂ ಅವಳು ಬರೆದುಕೊಳ್ಳಲಿ. ಬದುಕಿದ್ದಾಗ ಅವನ ಕಡೆ ತಿರುಗಿಯೂ ನೋಡದ ಊರು ಆ ಭಾಗದಲ್ಲಿ ಅವನ ಸುತ್ತಲೇ ಓಡಾಡುತ್ತದೆ. ಎರಡು ಬಣ್ಣಗಳ ಹೊತ್ತನ್ನು ಕೂಡಿಸಬೇಡಿ, ಅಕ್ಕಪಕ್ಕದಲ್ಲಿ ಇಡಿ. ಪಟ್ಟಿ ಸಿದ್ಧವಾದ ಮೇಲೆ ಇಲ್ಲಿ ಹಾಕಿದರೆ ನಾನೂ ನನ್ನ ಪ್ರತಿಯೊಡನೆ ತಾಳೆ ನೋಡುತ್ತೇನೆ.